ಶಿರಾ ಗೇಟಿನಿಂದ ಒಂದು ದಿನದ ಬೆಂಗಳೂರು

ಶಾಲೆಗೆ ರಜೆ ಬಿದ್ದರೆ ಸಾಕು, ತುಮಕೂರಿನ ಶಿರಾ ಗೇಟ್ ಸುತ್ತಲಿನ ಮನೆಗಳಲ್ಲಿ ಮಕ್ಕಳದು ಒಂದೇ ರಾಗ: 'ಅಪ್ಪಾ, ಬೆಂಗಳೂರಿಗೆ ಯಾವತ್ತು ಹೋಗೋದು?' ಅಪ್ಪನ ಉತ್ತರವೂ ಸಿದ್ಧವಾಗಿರುತ್ತದೆ: 'ಮುಂದಿನ ಭಾನುವಾರ ನೋಡೋಣ ಕಣಮ್ಮ.' ಆ ಮುಂದಿನ ಭಾನುವಾರ ಎಷ್ಟೋ ಮನೆಗಳಿಗೆ ಬರುವುದು ವರ್ಷಕ್ಕೊಂದೇ ಸಲ. ಅಂಗಡಿಯ ಬಾಗಿಲು ಹಾಕಬೇಕು, ಒಂದು ದಿನದ ದುಡಿಮೆ ಬಿಡಬೇಕು, ಅಜ್ಜಿಯ ಮಂಡಿನೋವೂ ಒಪ್ಪಬೇಕು. ಇಷ್ಟೆಲ್ಲ ಕೂಡಿಬಂದ ದಿನವೇ ಕೆಟ್ಟರೆ, ಇನ್ನೊಂದಕ್ಕೆ ಮತ್ತೊಂದು ವರ್ಷ ಕಾಯಬೇಕು.

ಕೆಡುವುದಾದರೂ ಹೇಗೆ? ದೂರದಿಂದಲ್ಲ. ಬೆಂಗಳೂರು ಇಲ್ಲಿಂದ ಸುಮಾರು 70 ಕಿ.ಮೀ. ಅಷ್ಟೆ. ಕೆಡಿಸುವುದು ಹಿಂದಿನ ರಾತ್ರಿ ಹಾಕುವ ಪಟ್ಟಿ. ವಿಧಾನಸೌಧ, ಕಬ್ಬನ್ ಪಾರ್ಕು, ಲಾಲ್‌ಬಾಗು, ಬನ್ನೇರುಘಟ್ಟ, ಸಂಜೆಗೆ ಇಸ್ಕಾನು! 'ಹೋಗೋದು ಹೋಗ್ತೀವಿ, ಎಲ್ಲಾ ನೋಡ್ಕೊಂಡೇ ಬಂದುಬಿಡೋಣ' ಎಂಬುದು ದೊಡ್ಡವರ ಲೆಕ್ಕ. ತುಮಕೂರು ರಸ್ತೆ ಬೆಂಗಳೂರನ್ನು ಹೊಗುವುದು ವಾಯವ್ಯದಿಂದ. ಬನ್ನೇರುಘಟ್ಟ ಇರುವುದು ನಗರದ ದಕ್ಷಿಣದ ಆಚೆ. ಅಂದರೆ ಹುಲಿ ನೋಡುವ ಮೊದಲು ಇಡೀ ಊರನ್ನು ದಾಟಬೇಕು. ಮಧ್ಯಾಹ್ನದ ಹೊತ್ತಿಗೆ ಚಿಕ್ಕವನು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿರುತ್ತಾನೆ, ದೊಡ್ಡವಳು ಮುಖ ಊದಿಸಿಕೊಂಡಿರುತ್ತಾಳೆ. ಅಜ್ಜಿಗೆ ಕೂರಲು ಒಂದು ಕಟ್ಟೆ ಸಿಕ್ಕಿರುವುದಿಲ್ಲ. ಆಮೇಲೆ ನೋಡಿದ್ದೆಲ್ಲ ಬಸ್ಸಿನ ಕಿಟಕಿಯಿಂದಲೇ!

ಬನ್ನೇರುಘಟ್ಟವನ್ನು ಬಿಡಬೇಕೆಂದಲ್ಲ. ಅದಕ್ಕೆ ಅದರದೇ ಒಂದು ಇಡೀ ದಿನ ಬೇಕು. ಅಲ್ಲಿ ಮಂಗಳವಾರ ರಜೆ ಎಂಬುದನ್ನೂ ಮರೆಯಬಾರದು. ಉಳಿದ ಪಟ್ಟಿಯಿಂದ ಒಂದು ದಿನಕ್ಕೆ ಎರಡು ತಾಣ ಸಾಕು: ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು. ಎರಡೂ ಅಕ್ಕಪಕ್ಕದಲ್ಲಿದ್ದರೆ ಇನ್ನೂ ಲೇಸು.

ಕಾಲಿನ ಪರೀಕ್ಷೆ

ಯೋಜನೆ ಶುರುವಾಗಬೇಕಾದದ್ದು ಬೆಂಗಳೂರಿನಲ್ಲಲ್ಲ, ತುಮಕೂರಿನ ಅಮಾನಿಕೆರೆಯಲ್ಲಿ. ಹಿಂದಿನ ವಾರ ಒಂದು ಸಂಜೆ ಮಕ್ಕಳನ್ನೂ ಅಜ್ಜಿಯನ್ನೂ ಕೆರೆಯ ಬಳಿ ನಡೆಸಿಕೊಂಡು ಬರಬೇಕು. ಚಿಕ್ಕವನು 'ಎತ್ಕೋ' ಎಂದು ಕೈ ಚಾಚುವುದು ಎಷ್ಟು ಹೊತ್ತಿಗೆ? ಅಜ್ಜಿ ಕೂರುವುದು ಎಲ್ಲಿ? ಆ ದಿನದ ನಡಿಗೆಗೆ ಅದೇ ಅಳತೆ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಕಾಲು ಎಷ್ಟು ನಡೆಯುತ್ತದೋ ಅಷ್ಟೇ ಆ ಸಂಸಾರಕ್ಕೆ ದಕ್ಕುವ ಬೆಂಗಳೂರು.

ಇನ್ನು ಬಸ್ಸೋ ರೈಲೋ? ಶಿರಾ ಗೇಟ್ ಊರಿನ ಉತ್ತರಕ್ಕಿದ್ದರೆ ರೈಲು ನಿಲ್ದಾಣ ದಕ್ಷಿಣಕ್ಕಿದೆ. ಅಲ್ಲಿಗೆ ಹೋಗಲು ನಗರ ಸಾರಿಗೆ ಬಸ್ಸೋ ಆಟೋವೋ ಹಿಡಿಯಬೇಕು. ಬಸ್ಸಾದರೆ, 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಸಾರಿಗೆಯಲ್ಲಿ ಅಜ್ಜಿ, ಅಮ್ಮ, ಮಗಳು ಮೂವರಿಗೂ ಟಿಕೆಟ್ಟಿನ ಖರ್ಚಿಲ್ಲ. ಗುರುತಿನ ಚೀಟಿ ಕೈಯಲ್ಲಿದ್ದರಾಯಿತು. ಆದರೆ ಪೀಣ್ಯದ ಬಳಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ 'ಅಮ್ಮಾ, ಒಂದಕ್ಕೆ' ಎನ್ನುವ ಮಗುವಿಗೆ ಏನು ಹೇಳುವುದು? ರೈಲಿನಲ್ಲಿ ಎದ್ದು ಓಡಾಡಬಹುದು, ಬುತ್ತಿ ಬಿಚ್ಚಬಹುದು. ಕಾಸಿನ ಲೆಕ್ಕಕ್ಕೆ ಬಸ್ಸು, ಕಾಲಿನ ಲೆಕ್ಕಕ್ಕೆ ರೈಲು. ಬಸ್ಸಿನಲ್ಲೇ ಹೋಗುವವರು ಗೊರಗುಂಟೆಪಾಳ್ಯದಲ್ಲಿ ನಿಲ್ಲಿಸುತ್ತಾರೆಯೇ ಎಂದು ಕಂಡಕ್ಟರನ್ನು ಹತ್ತುವಾಗಲೇ ಕೇಳಿಕೊಂಡರೆ, ಅಲ್ಲಿಳಿದು ಹಸಿರು ಮಾರ್ಗದ ಮೆಟ್ರೋ ಹಿಡಿಯಬಹುದು.

ರೈಲು ಕ್ಯಾತ್ಸಂದ್ರ, ಹಿರೇಹಳ್ಳಿ ದಾಟಿ ಡಾಬಸ್‌ಪೇಟೆಯತ್ತ ಬಂದಾಗ ಶಿವಗಂಗೆ ಬೆಟ್ಟ ಕಾಣುತ್ತದೆ. ಅಜ್ಜಿಯ ಕೈ ತಾನಾಗಿಯೇ ಮುಗಿಯುತ್ತದೆ. ಚಿತ್ರಾನ್ನದ ಡಬ್ಬಿ ತೆರೆಯಲು ಅದೇ ಹೊತ್ತು. ಮೆಟ್ರೋ ಒಳಗೆ ತಿನ್ನುವಂತಿಲ್ಲ. ಕಬ್ಬನ್ ಪಾರ್ಕಿನಲ್ಲೂ ತಿಂಡಿ ತೀರ್ಥಕ್ಕೆ ನಿರ್ಬಂಧವಿರುವುದರಿಂದ, ಮರದ ಕೆಳಗೆ ಚಾಪೆ ಹಾಸಿ ಬುತ್ತಿ ಉಣ್ಣುವ ಹಳೆಯ ಆಸೆಯನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಒಳ್ಳೆಯದು.

ಎರಡೇ ತಾಣ

ಬೆಂಗಳೂರು ನಿಲ್ದಾಣದಲ್ಲಿ ಇಳಿದವರಿಗೆ ಪಕ್ಕದಲ್ಲೇ ಮೆಟ್ರೋ ಇದೆ. ನೇರಳೆ ಮಾರ್ಗದಲ್ಲಿ ಕೂತರೆ ಮಧ್ಯೆ ಗಾಡಿ ಬದಲಿಸುವ ಗೋಜಿಲ್ಲದೆ ಕಬ್ಬನ್ ಪಾರ್ಕ್ ನಿಲ್ದಾಣ. ಅಜ್ಜಿಗೆ ಲಿಫ್ಟು, ಮಕ್ಕಳಿಗೆ ತಾನೇ ಮೇಲೇರುವ ಮೆಟ್ಟಿಲು. ದೊಡ್ಡವರು ಇದನ್ನು ದಾರಿ ಎಂದುಕೊಳ್ಳುತ್ತಾರೆ. ಮಕ್ಕಳಿಗೆ ಇದೇ ಮೊದಲನೆಯ ತಾಣ. ಇನ್ನೊಂದು ಸಲ ಹತ್ತಿ ಇಳಿಯುತ್ತೇವೆಂದರೆ ಬೇಡವೆನ್ನಬಾರದು.

ಅಲ್ಲಿಂದ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ನಡೆದೇ ಹೋಗಬಹುದು. ಅಜ್ಜಿಗೆ ಬೇಕಾದರೆ ಒಂದು ಆಟೋ. 1962ರಲ್ಲಿ ಆರಂಭವಾದ ಈ ಸಂಗ್ರಹಾಲಯದ ಬಾಗಿಲಾಚೆಯೇ ನಮ್ಮ ಎಚ್.ಎ.ಎಲ್. ತಯಾರಿಸಿದ 'ಮಾರುತ್' ಯುದ್ಧವಿಮಾನ ನಿಂತಿದೆ. ಒಳಗೆ ರೈಟ್ ಸಹೋದರರ ವಿಮಾನದ ಪ್ರತಿಕೃತಿಯಿದೆ. ಗುಂಡಿ ಒತ್ತಿದರೆ ತಿರುಗುವ, ಹೊತ್ತಿಕೊಳ್ಳುವ ಯಂತ್ರಗಳಿವೆ. 'ಮುಟ್ಟಬೇಡ' ಎಂಬ ಮಾತನ್ನೇ ಕೇಳಿ ಬೆಳೆದ ಮಕ್ಕಳಿಗೆ 'ಮುಟ್ಟಿ ನೋಡು' ಎನ್ನುವ ಜಾಗ ಎಷ್ಟಿವೆ? ಎಲ್ಲ ಅಂತಸ್ತನ್ನೂ ಮುಗಿಸಲೇಬೇಕೆಂಬ ಹಟ ಬೇಡ. ಮಗಳು ಒಂದೇ ಯಂತ್ರದ ಮುಂದೆ ಅರ್ಧ ಗಂಟೆ ನಿಂತರೆ ನಿಲ್ಲಲಿ. ಭಾನುವಾರ ಜನ ಹೆಚ್ಚು. ಆದ್ದರಿಂದ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ತಲುಪುವುದು ಜಾಣತನ.

ಹೋಟೆಲಿನಲ್ಲಿ ಊಟ ಮುಗಿಸಿ, ಬಿಸಿಲಿನ ಹೊತ್ತನ್ನು 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕಿನ ನೆರಳಿನಲ್ಲಿ ಕಳೆಯಬೇಕು. ಜವಾಹರ ಬಾಲಭವನ ಇರುವುದು ಅಲ್ಲೇ. ಸೋಮವಾರ ಅದಕ್ಕೆ ರಜೆ. ಪುಟಾಣಿ ರೈಲು ಆ ದಿನ ಓಡುತ್ತಿದೆಯೇ ಎಂದು ಬಾಗಿಲಲ್ಲಿ ಕೇಳಿಕೊಂಡ ಮೇಲೆಯೇ ಮಕ್ಕಳಿಗೆ ಮಾತು ಕೊಡಬೇಕು. ದೊಡ್ಡವರು ಮರೆತ ಮಾತು ಮಕ್ಕಳಿಗೆ ವರ್ಷಗಟ್ಟಲೆ ನೆನಪಿರುತ್ತದೆ.

ಆಮೇಲೆ ನಿಧಾನವಾಗಿ ಪಾರ್ಕಿನೊಳಗೇ ನಡೆದರೆ ಎದುರಾಗುವುದು ಹೈಕೋರ್ಟಿನ ಕೆಂಪು ಕಟ್ಟಡ, ಅಠಾರಾ ಕಚೇರಿ. ರಸ್ತೆಯಾಚೆ 1956ರಲ್ಲಿ ಮುಗಿದ ವಿಧಾನಸೌಧ, ಕೆಂಗಲ್ ಹನುಮಂತಯ್ಯನವರ ಕನಸು. ಅಲ್ಲೊಂದು ಫೋಟೋ ತೆಗೆಸಿಕೊಂಡರೆ ಅಪ್ಪನ ಪಟ್ಟಿಗೂ ಗೌರವ ಉಳಿಯಿತು! ಮರಳಲು ವಿಧಾನಸೌಧದ ಮೆಟ್ರೋ ನಿಲ್ದಾಣ ಅಲ್ಲಿಯೇ ಇದೆ.

ಕೈ ತಪ್ಪಿದರೆ?

ಎಲ್ಲರ ಮನಸ್ಸಿನಲ್ಲೂ ಇದ್ದು ಯಾರೂ ಬಾಯಿ ಬಿಟ್ಟು ಆಡದ ಭಯ ಇದು. ಆಡಿಯೇ ಹೊರಡುವುದು ಮೇಲು. ಚಿಕ್ಕವನ ಜೇಬಿನಲ್ಲಿ ಅಪ್ಪ ಅಮ್ಮ ಇಬ್ಬರ ಫೋನ್ ನಂಬರಿನ ಚೀಟಿ ಇರಬೇಕು. ಹೆಸರನ್ನು ಅಂಗಿಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬಾರದು. 'ನಾವು ಕಾಣದೇ ಹೋದರೆ ಹುಡುಕಬೇಡ, ನಿಂತ ಕಡೆಯೇ ನಿಲ್ಲು, ಸಮವಸ್ತ್ರದವರನ್ನು ಕೇಳು' ಎಂಬ ಪಾಠವನ್ನು ಅಮಾನಿಕೆರೆಯಲ್ಲೇ ಆಟದಂತೆ ಕಲಿಸಬಹುದು. ದೊಡ್ಡವರಿಗೆ ನೆನಪಿರಬೇಕಾದ ಸಂಖ್ಯೆ ಎರಡು: ತುರ್ತಿಗೆ 112, ಮಕ್ಕಳ ಸಹಾಯವಾಣಿ 1098. ಬೆಳಿಗ್ಗೆ ಹೊರಡುವಾಗ ಮಕ್ಕಳದೊಂದು ಫೋಟೋ ತೆಗೆದಿಟ್ಟುಕೊಂಡರೆ, ಆ ದಿನ ತೊಟ್ಟ ಬಟ್ಟೆಯ ಗುರುತು ಹೇಳಲು ತಡಕಾಡಬೇಕಿಲ್ಲ.

ಇಡೀ ದಿನದ ಲೆಕ್ಕವನ್ನು ಸಂಜೆಯಿಂದ ಹಿಂದಕ್ಕೆ ಎಣಿಸಬೇಕು. ಹಿಡಿಯಬೇಕಾದ ರೈಲು ಯಾವುದು, ಅದಕ್ಕೆ ಪಾರ್ಕು ಬಿಡುವುದು ಎಷ್ಟು ಹೊತ್ತಿಗೆ? ಕೊನೆಯ ರೈಲನ್ನೇ ನಂಬಿ ಕೂರುವುದಲ್ಲ, ಅದಕ್ಕಿಂತ ಮುಂಚಿನದನ್ನು ಗುರಿಯಾಗಿಟ್ಟುಕೊಳ್ಳಬೇಕು. ಒಂದು ತಪ್ಪಿದರೂ ಇನ್ನೊಂದಿದೆ ಎಂಬ ಧೈರ್ಯ ಜೊತೆಗಿರುತ್ತದೆ.

ಹೀಗೆ ಹೋಗಿಬಂದ ಮನೆಯವರು ರಾತ್ರಿ ಶಿರಾ ಗೇಟಿನಲ್ಲಿ ಆಟೋ ಇಳಿಯುವಾಗ ಎಚ್ಚರವಾಗಿಯೇ ಇರುತ್ತಾರೆ. ಪಕ್ಕದ ಮನೆಯವರು ಕೇಳುತ್ತಾರೆ, 'ಲಾಲ್‌ಬಾಗ್ ನೋಡಿದ್ರಾ?' ಅಪ್ಪನಿಗೆ ಕೊಂಚ ಮುಜುಗರ, 'ಇಲ್ಲ, ಇನ್ನೊಂದ್ಸಲ ಹೋಗ್ಬೇಕು.' ಅಷ್ಟರಲ್ಲಿ ಮಗಳು ರೈಟ್ ಸಹೋದರರ ವಿಮಾನದ ರೆಕ್ಕೆ ಎಷ್ಟುದ್ದ ಎಂದು ಎರಡೂ ಕೈ ಚಾಚಿ ತೋರಿಸಲು ಶುರುಮಾಡಿರುತ್ತಾಳೆ.