ಮೊದಲು ಬೀಳುವುದನ್ನು ಕಲಿಯಬೇಕು

ಕಳೆದ ಬೇಸಿಗೆಯ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳನ್ನು ಕರೆದುಕೊಂಡು ಹಿರೇವಡ್ಡಟ್ಟಿಯ ನಮ್ಮ ಮನೆಗೆ ಬಂದ. ಕಟ್ಟೆಯ ಮೇಲೆ ಕುಳಿತು ಮಳೆ-ಬಿತ್ತನೆಯ ಮಾತೆಲ್ಲ ಮುಗಿದ ಮೇಲೆ ಮೆಲ್ಲಗೆ ವಿಷಯ ತೆಗೆದ.

“ಸರ, ಇಕಿ ಮುಂದಿನ ವರ್ಷ ಹತ್ತನೇತ್ತೆ ಮುಗಸ್ತಾಳ. ಆಮ್ಯಾಲೆ ದಿನಾ ಬಸ್ಸಿನ್ಯಾಗ ಮುಂಡರಗಿ ಕಾಲೇಜಿಗೆ ಹೋಗಬೇಕು. ಕಾಲ ಚೊಲೊ ಇಲ್ಲ. ಕರಾಟೆ ಹಚ್ಚಬೇಕಂತ ಮಾಡೀನಿ. ಇಕಿ ನೋಡಿದ್ರ ಕುಸ್ತೀನ ಬೇಕಂತಾಳ. ಹೆಣ್ಣ ಹುಡುಗಿ ಮಣ್ಣಾಗ ಹೊಳ್ಳ್ಯಾಡಿದ್ರ ಮಂದಿ ಏನಂತಾರ್ರಿ? ನೀವರ ಒಂದೀಟು ಹೇಳ್ರಿ.”

ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ವರ್ಷಗಟ್ಟಲೆ ಬೆಳಕಿನ ವಕ್ರೀಭವನ ಕಲಿಸಿದ ವಿಜ್ಞಾನದ ಮಾಸ್ತರನಿಗೆ ಇದೆಂಥ ಪ್ರಶ್ನೆ ಎನ್ನಬೇಡಿ. ನನ್ನ ಎಡಗಿವಿ ಇವತ್ತಿಗೂ ಮುದುಡಿಕೊಂಡಿದೆ. ಅದು ಗರಡಿಮನೆ ಕೊಟ್ಟ ಸರ್ಟಿಫಿಕೇಟು.

ಎಂಬತ್ತರ ದಶಕದಲ್ಲಿ ನಾವು ಹುಡುಗರು ನಸುಕಿನಲ್ಲೇ ಎದ್ದು ಗರಡಿಗೆ ಓಡುತ್ತಿದ್ದೆವು. ಜರಡಿ ಹಿಡಿದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿದ ಆ ವಾಸನೆ ಇನ್ನೂ ಮೂಗಿನಲ್ಲಿದೆ. ಮೊದಲ ತಿಂಗಳು ವಸ್ತಾದರು ಒಂದು ಪಟ್ಟನ್ನೂ ಹೇಳಿಕೊಡಲಿಲ್ಲ. ದಂಡ, ಬೈಠಕ್, ಮಣ್ಣು ಅಗೆಯುವುದು, ಬೀಳುವುದು, ಇಷ್ಟೇ. ಬಿದ್ದಾಗ ಗದ್ದ ಎದೆಗೆ ಒತ್ತಬೇಕು, ಅಂಗೈ ಊರಬಾರದು, ಉರುಳಿ ಏಳಬೇಕು. ಇದರ ಮರ್ಮ ತಿಳಿದದ್ದು ನಾನು ಬಿ.ಎಸ್ಸಿ. ಓದುವಾಗ. ಬೀಳುವ ಮೈ ನಿಲ್ಲಲು ಹೆಚ್ಚು ಸಮಯ ತೆಗೆದುಕೊಂಡರೆ, ಹೆಚ್ಚು ಜಾಗಕ್ಕೆ ಹರಡಿಕೊಂಡರೆ ಪೆಟ್ಟು ಕಡಿಮೆ. ವಸ್ತಾದರು ನ್ಯೂಟನ್ನನ ಹೆಸರು ಕೇಳಿದವರಲ್ಲ. ನಿಯಮ ಮಾತ್ರ ಗೊತ್ತಿತ್ತು.

ಕರಾಟೆಯನ್ನು ನಾನು ಹಳಿಯುವುದಿಲ್ಲ. ಓಕಿನಾವಾ ದ್ವೀಪದ ಶಾಲಾ ಮಾಸ್ತರ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋದಲ್ಲಿ ಅದನ್ನು ಪ್ರದರ್ಶಿಸಿದ ಮೇಲೆ ಅದು ಜಗತ್ತಿಗೆಲ್ಲ ಹಬ್ಬಿತು. ಮೈಗೆ ಶಿಸ್ತು, ದನಿಗೆ ಧೈರ್ಯ ಕೊಡುತ್ತದೆ. ಆದರೆ ಗಾಳಿಗೆ ಗುದ್ದುವುದು ಬೇರೆ, ಬಿಡಿಸಿಕೊಳ್ಳಲು ಹೆಣಗುವವನನ್ನು ಹಿಡಿಯುವುದು ಬೇರೆ. ಕಲಿಯದ ಮುಷ್ಟಿಯಿಂದ ಗಟ್ಟಿಯಾಗಿ ಗುದ್ದಿದರೆ ಅಷ್ಟೇ ಪೆಟ್ಟು ಗುದ್ದಿದ ಕೈಗೂ ಬೀಳುತ್ತದೆ. 1882ರಲ್ಲಿ ಜೂಡೋ ಕಟ್ಟಿದ ಜಿಗೊರೊ ಕಾನೊ ಕೂಡ ಮಾಸ್ತರನೇ. ಎದುರಾಳಿಯ ತೋಲ ತಪ್ಪಿಸಿ ಕೆಡಹುವುದೇ ಅವನ ವಿದ್ಯೆಯ ತಿರುಳು. ನಮ್ಮ ಕುಸ್ತಿಯದೂ ಅದೇ ಲೆಕ್ಕ. ತಗ್ಗಿ ನಿಂತು ಎದುರಾಳಿಯ ಗುರುತ್ವ ಕೇಂದ್ರದ ಕೆಳಗೆ ಕೈ ಹಾಕಿದರೆ ಸಣ್ಣವನೂ ದೊಡ್ಡವನನ್ನು ಎತ್ತಬಲ್ಲ.

ಕುಸ್ತಿ ನಮ್ಮ ಸೀಮೆಗೆ ಹಳೆಯ ನಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ದರ್ಜೆ, ಆಹಾರ, ವ್ಯಾಯಾಮಗಳ ವಿವರವಿದೆ. ನಮ್ಮ ಪಕ್ಕದ ಡಂಬಳದ ದೊಡ್ಡಬಸಪ್ಪನ ಗುಡಿಯಂತೆ ಅದೂ ಹನ್ನೆರಡನೇ ಶತಮಾನದ್ದು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನ ಮೊದಲ ವೈಯಕ್ತಿಕ ಪದಕ ತಂದವರು ಸಾತಾರಾ ಜಿಲ್ಲೆಯ ಪೈಲ್ವಾನ ಖಾಶಾಬಾ ಜಾಧವ್, 1952ರಲ್ಲಿ ಹೆಲ್ಸಿಂಕಿಯಲ್ಲಿ. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು.

“ಅದನ್ನ ಅಪ್ಪಗ ಹೇಳ್ರಿ ಸರ,” ಎಂದಳು ಹುಡುಗಿ ಬಾಗಿಲಿಂದಲೇ.

ಆಗ ನನಗೆ ನನ್ನ ತಂಗಿ ನೆನಪಾದಳು. ದಿನಾ ನನಗೆ ತಂಬಿಗೆಯಲ್ಲಿ ಹಾಲು ತರುತ್ತಿದ್ದಳು. ಗರಡಿಯೊಳಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಗಿಡ್ಡ ಬಾಗಿಲ ಹೊರಗೆ ನಿಂತು ಕಿಟಕಿಯಲ್ಲಿ ಇಣುಕುತ್ತಿದ್ದಳು. ಒಂದು ಮಧ್ಯಾಹ್ನ ಕೊಟ್ಟಿಗೆಯ ಹೊಟ್ಟಿನ ಮೇಲೆ “ಬಾ ಅಣ್ಣಾ, ಹಿಡಿಯೋಣು” ಎಂದಳು. ನಗುತ್ತ ಹಿಡಿದೆ. ಮರುಗಳಿಗೆ ನನ್ನ ಬೆನ್ನು ನೆಲಕ್ಕೆ ಹತ್ತಿತ್ತು! ಬರೀ ನೋಡಿ ಕಲಿತ ಪಟ್ಟದು. ಶಹಬ್ಬಾಸ್ ಎನ್ನಬೇಕಿದ್ದ ನಾನು, “ಯಾರ ಮುಂದರ ಹೇಳಿದಿ ಅಂದ್ರ ನೋಡು” ಎಂದು ಹೆದರಿಸಿದೆ. ಮರುದಿನದಿಂದ ಹಾಲು ಅವ್ವನೇ ತಂದಳು. ತಂಗಿ ಮತ್ತೆ ಕುಸ್ತಿಯ ಮಾತೆತ್ತಲಿಲ್ಲ.

ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಅಂದು ಆ ಅಪ್ಪ-ಮಗಳ ಮುಂದೆ ಹೇಳಿಬಿಟ್ಟೆ. ಆಮೇಲೆ ಮಾಸ್ತರನಾಗಿ ನಾಲ್ಕು ಮಾತು ಸೇರಿಸಿದೆ.

“ನೋಡಪಾ, ಯಾವ ವಿದ್ಯಾ ಕಲಿತರೂ ನಾಕು ಮಂದಿ ಮುತ್ತಿದರ ಮೊದಲ ಓಡಬೇಕು, ಚೀರಬೇಕು, 112ಕ್ಕ ಫೋನ್ ಹಚ್ಚಬೇಕು. ಕಲಿಯೂದು ಮೈಯಾಗಿನ ಅಂಜಿಕಿ ಹೋಗಲಿಕ್ಕೆ. ಸೇರಿಸೂ ಮೊದಲ ಒಂದ ದಿನ ಕುಂತು ನೋಡು. ಕಲಿಸಾವ್ರು ಹೆಂಗ ಮಾತಾಡ್ತಾರ? ಮಗು ಬಿದ್ದರ ಏನ ಮಾಡ್ತಾರ? ಮೂರ ತಿಂಗಳಿಗೊಮ್ಮಿ ಬೆಲ್ಟಿಗೆ ರೊಕ್ಕ ಕೇಳಿದ್ರ ಯೋಚನಿ ಮಾಡು. ಕಿವಿ, ಕುತಿಗಿಗೆ ಪೆಟ್ಟಾದರ ಸುಮ್ಮನ ಬಿಡಬ್ಯಾಡ. ಎಲ್ಲಾಕ್ಕಿಂತ ಮೊದಲ, ಆಕಿಗೆ ಯಾವುದರ ಮ್ಯಾಲೆ ಮನಸೈತಿ ಅದನ್ನ ಕಲಸು. ಮನಸಿಲ್ಲದ್ದು ಆರ ತಿಂಗಳಿಗೆ ಬಿಟ್ಟುಹೋಗ್ತದ. ನನ್ನ ಕೇಳಿದ್ರ ಕುಸ್ತಿ.”

ಅವನು ಏನೂ ಹೇಳದೆ ಎದ್ದುಹೋದ. ಹದಿನೈದು ದಿನ ಸುದ್ದಿಯಿಲ್ಲ. ನಾನು ಹೆಚ್ಚು ಮಾತಾಡಿದೆನೇನೋ ಅನ್ನಿಸಿತು. ಒಂದು ದಿನ ಬಸ್ ನಿಲ್ದಾಣದಲ್ಲಿ ಸಿಕ್ಕ. ಮಗಳನ್ನು ಕರೆದುಕೊಂಡು ಗದಗಿಗೆ ಹೋಗಿ, ಹುಡುಗಿಯರು ಮ್ಯಾಟಿನ ಮೇಲೆ ಕುಸ್ತಿ ಆಡುವುದನ್ನು ನೋಡಿ ಬಂದಿದ್ದನಂತೆ.

“ಸರ, ಆ ಹುಡುಗ್ಯಾರು ಬಿದ್ದು, ನಕ್ಕೋತ ಏಳ್ತಾರ್ರಿ,” ಎಂದ. “ನಮ್ಮಾಕಿ ಹಿಂದ ಬರಾಕ ಒಲ್ಲೆ ಅಂದ್ಲು. ರಜಾದಾಗ ಅಕ್ಕನ ಮನ್ಯಾಗ ಇಟ್ಟು ಕಲಸ್ತೀನಿ. ಮುಂದಿಂದು ಮುಂದ.”

ಆ ರಾತ್ರಿ ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮೊಮ್ಮಕ್ಕಳನ್ನು ಮಲಗಿಸುತ್ತಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಅಣ್ಣಾ, ನಾ ನಿನ್ನ ಚಿತ್ ಮಾಡಿದ್ದು ಅವರ ಮುಂದ ಹೇಳಿದಿಯೇನು?”

“ಹೇಳಿದೆ,” ಎಂದೆ.