ನಾನೂರು ಕಿಲೋಮೀಟರಿನಾಚೆಯ ದೇಶ

ನಮ್ಮ ತಲೆಮಾರಿನ ಸಂಬಳದಾರರಿಗೆ ಭಾರತವನ್ನು ತೋರಿಸಿದ ಗ್ರಂಥ ಯಾವುದೆಂದು ಯಾರಾದರೂ ಕೇಳಿದರೆ, ಪುರಾಣವನ್ನಾಗಲಿ ಭೂಗೋಳವನ್ನಾಗಲಿ ಹೆಸರಿಸದೆ, ಕೇಂದ್ರ ಸರ್ಕಾರದ ರಜಾ ಪ್ರಯಾಣ ರಿಯಾಯಿತಿಯ ನಿಯಮಾವಳಿಯನ್ನೇ ನಾನು ಹೆಸರಿಸಬೇಕಾಗುತ್ತದೆ. ಆ ಉದ್ದದ ಹೆಸರನ್ನು ಕಛೇರಿಯಲ್ಲಿ ಯಾರೂ ಆಡುತ್ತಿರಲಿಲ್ಲ. ಜವಾನನಿಂದ ಹಿಡಿದು ಅಧಿಕಾರಿಯವರೆಗೆ ಎಲ್ಲರ ಬಾಯಲ್ಲಿಯೂ ಅದು ಎಲ್‌ಟಿಸಿ. 1955ರ ಅಕ್ಟೋಬರಿನಲ್ಲಿ ಗೃಹ ಮಂತ್ರಾಲಯವು ಹೊರಡಿಸಿದ ಆದೇಶದಿಂದ ಹುಟ್ಟಿದ ಈ ಸೌಲಭ್ಯದ ಮೂಲ ಉದ್ದೇಶವು ದೇಶಾಟನವಲ್ಲ. ಪರಸ್ಥಳದಲ್ಲಿ ಚಾಕರಿ ಮಾಡುವ ನೌಕರನು ಎರಡು ವರ್ಷಗಳಿಗೊಮ್ಮೆಯಾದರೂ ಹೆಂಡಿರು ಮಕ್ಕಳೊಡನೆ ಸ್ವಗ್ರಾಮಕ್ಕೆ ಹೋಗಿ ಬರಲೆಂಬುದಷ್ಟೆ. ನಾನು 1964ರಲ್ಲಿ ಹೈದರಾಬಾದಿನ ಸೈಫಾಬಾದಿನಲ್ಲಿರುವ ಅಕೌಂಟೆಂಟ್ ಜನರಲ್ ಕಛೇರಿಯನ್ನು 130-300ರ ಶ್ರೇಣಿಯ ಗುಮಾಸ್ತನಾಗಿ ಪ್ರವೇಶಿಸಿದಾಗ ನನ್ನ ಕೈಗೆ ಮೊದಲು ಬಂದ ಕೆಲಸಗಳಲ್ಲಿ ಈ ಎಲ್‌ಟಿಸಿ ಬಿಲ್ಲುಗಳ ತಪಾಸಣೆಯೂ ಒಂದಾಗಿದ್ದಿತು.

ಆ ಕಾಲದ ಕಛೇರಿಯ ಸ್ವರೂಪವನ್ನು ಈಗಿನವರಿಗೆ ತಿಳಿಸುವುದು ಸುಲಭವಲ್ಲ. ನಿಜಾಮರ ಕಾಲದ ದಫ್ತರುಗಳಲ್ಲಿ ಉರ್ದುವಿನಲ್ಲಿ ಮಿಸಲುಗಳನ್ನು ಬರೆದು ಪಳಗಿದ ಹಿರಿಯರು ಇನ್ನೂ ಕೆಲವರು ಉಳಿದಿದ್ದರು. ಅವರ ಸೇವಾಪುಸ್ತಕಗಳಲ್ಲಿ ಜನ್ಮದಿನಾಂಕವು ಫಸಲಿ ಶಕದ ಆಜೂರು, ಬಹಮನ್ ಮುಂತಾದ ಮಾಸಗಳಲ್ಲಿ ನಮೂದಾಗಿ, ನಿವೃತ್ತಿಯ ದಿನವನ್ನು ಗೊತ್ತುಮಾಡಬೇಕಾದಾಗ ಅದನ್ನು ಇಂಗ್ಲಿಷ್ ತಾರೀಖಿಗೆ ಪರಿವರ್ತಿಸುವುದೇ ಒಂದು ಶಾಸ್ತ್ರವಾಗಿದ್ದಿತು. 1956ರ ನವೆಂಬರ್ 1ರಂದು ಗುಲ್ಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿ, ರಾಜ್ಯಸರ್ಕಾರದ ಕನ್ನಡಿಗ ನೌಕರರಲ್ಲಿ ಅನೇಕರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ತೆರಳಿದರು. ನಗರದಲ್ಲಿಯೇ ಉಳಿದ ನಮ್ಮಂಥವರಿಗೆ ಕಾಚಿಗುಡಾದ ಕರ್ನಾಟಕ ಸಾಹಿತ್ಯ ಮಂದಿರವೂ, ನೃಪತುಂಗನ ಹೆಸರಿನ ಶಾಲೆಯೂ, ಮಧ್ಯಾಹ್ನದ ಬುತ್ತಿಯಲ್ಲಿನ ಜೋಳದ ರೊಟ್ಟಿ ಪುಂಡಿಪಲ್ಯವೂ ನಾಡಿನ ಕುರುಹುಗಳಾಗಿದ್ದುವು. ಊರು ಮಾತ್ರ ಪರರಾಜ್ಯದಲ್ಲಿ; ಆದರೂ ದೂರದಲ್ಲಲ್ಲ. ಮೊದಲ ಬಿಕ್ಕಟ್ಟು ಇದ್ದುದೇ ಇಲ್ಲಿ. ಅಂದಿನ ನಿಯಮದಂತೆ ಪ್ರಯಾಣದ ಮೊದಲ ನಾನೂರು ಕಿಲೋಮೀಟರಿನ ಖರ್ಚು ನೌಕರನದೇ, ನಾಲ್ಕನೆಯ ದರ್ಜೆಯವರಿಗಾದರೆ ನೂರ ಅರವತ್ತು. ಅದರಾಚೆಯದಕ್ಕೆ ಮಾತ್ರ ಸರ್ಕಾರ ಕೈಹಿಡಿಯುತ್ತಿದ್ದಿತು. ಗುಲ್ಬರ್ಗಾ ಆ ಗಡಿಯ ಒಳಗೇ ಇದ್ದುದರಿಂದ, ಪಾಲಕ್ಕಾಡಿನಿಂದಲೂ ತಂಜಾವೂರಿನಿಂದಲೂ ಬಂದ ನಮ್ಮ ಸಹೋದ್ಯೋಗಿಗಳು ರಿಯಾಯಿತಿಯಲ್ಲಿ ಊರಿಗೆ ಹೋಗಿ ಬರುವುದನ್ನು ನೋಡುತ್ತ, ಅವರ ಬಿಲ್ಲುಗಳನ್ನು ತಪಾಸಣೆ ಮಾಡಿ ಪಾಸು ಮಾಡುವ ಭಾಗ್ಯವಷ್ಟೇ ನಮ್ಮದಾಗಿದ್ದಿತು.

ನಮ್ಮ ತಂದೆಯವರ ಕಾಲಕ್ಕೆ ಹೋಲಿಸಿದರೆ ಇದೂ ಸುಖವೇ. ಅವರ ಗಳಿಕೆ ನಿಜಾಮರ ನಾಣ್ಯವಾದ ಹಾಲಿ ಸಿಕ್ಕದಲ್ಲಿ. ಹೊರಗಿನ ಪ್ರಪಂಚ ನಡೆಯುತ್ತಿದ್ದುದು ಬ್ರಿಟಿಷರ ಕಲ್ದಾರ ರೂಪಾಯಿಯಲ್ಲಿ. ಏಳು ಹಾಲಿಗೆ ಆರು ಕಲ್ದಾರದ ಲೆಕ್ಕ. ಪಂಢರಪುರದ ಆಷಾಢ ಯಾತ್ರೆಗೆ ಹೊರಟವನು ಮೊದಲು ಸರಾಫನ ಕಟ್ಟೆಗೆ ಹೋಗಿ, ಬಟ್ಟಾ ಕೊಟ್ಟು, ಚಾರ್‌ಮಿನಾರಿನ ಚಿತ್ರವಿದ್ದ ನಾಣ್ಯಗಳನ್ನು ಅರಸನ ಮೋರೆಯಿದ್ದ ನಾಣ್ಯಗಳಿಗೆ ಬದಲಿಸಿಕೊಳ್ಳಬೇಕಾಗಿದ್ದಿತು. ಆದುದರಿಂದ ಸೋಲಾಪುರದಿಂದಾಚೆಗಿನ ದೇಶವೆಂದರೆ ನಮ್ಮ ಮನೆಯವರ ಪಾಲಿಗೆ ರೂಪಾಯಿಗೆ ಎರಡಾಣೆಗೂ ಮಿಕ್ಕು ನಷ್ಟವಾಗುವ ದೇಶ. 1948ರ ಸೆಪ್ಟೆಂಬರಿನ ಪೋಲೀಸ್ ಕಾರ್ಯಾಚರಣೆಯ ಬಳಿಕವೂ ಹಾಲಿ ಕೆಲವು ವರ್ಷ ಚಲಾವಣೆಯಲ್ಲಿದ್ದು, 1959ರಲ್ಲಿ ಪೂರ್ಣವಾಗಿ ಅಸ್ತವಾಯಿತು. ಅಷ್ಟರಲ್ಲಿ ನಯಾಪೈಸೆಯೂ ಬಂದಿದ್ದಿತು. ಎರಡು ರೂಪಾಯಿ, ಎರಡು ಪೈಸೆಗಳ ಗೊಂದಲದಲ್ಲಿ ಸಂಸಾರವನ್ನು ತೂಗಿಸಿದ ನಮ್ಮ ಅವ್ವನ ಲೆಕ್ಕಶಕ್ತಿ ಯಾವ ಲೆಕ್ಕಾಧಿಕಾರಿಗೂ ಕಡಿಮೆಯಾದುದಲ್ಲವೆಂದು ನನಗೆ ಆಗಾಗ ಅನ್ನಿಸುವುದುಂಟು.

ಮೂರನೆಯ ವೇತನ ಆಯೋಗದ ಶಿಫಾರಸಿನಿಂದ ಎಲ್ಲವೂ ಬದಲಾಯಿತು. ನಾಲ್ಕು ವರ್ಷಗಳ ಒಂದೊಂದು ಬ್ಲಾಕಿನಲ್ಲಿ ಒಮ್ಮೆ, ಸ್ವಗ್ರಾಮದ ಬದಲಿಗೆ, ಭಾರತದ ಯಾವ ಮೂಲೆಗಾದರೂ ಕುಟುಂಬಸಮೇತ ಹೋಗಿಬರಬಹುದೆಂದಾಯಿತು. 1974-77 ಅಂತಹ ಮೊದಲನೆಯ ಬ್ಲಾಕು. ಮುಹೂರ್ತವೇನೋ ಪ್ರಶಸ್ತವಾಗಿರಲಿಲ್ಲ. 1974ರ ಮೇ ತಿಂಗಳಿನಲ್ಲಿ, ಮಕ್ಕಳ ರಜೆಯ ನಡುವೆಯೇ, ರೈಲ್ವೆ ನೌಕರರ ಮಹಾಮುಷ್ಕರ. ಜುಲೈ ತಿಂಗಳಿನಲ್ಲಿ, ಹೆಚ್ಚಿದ ತುಟ್ಟಿಭತ್ಯೆಯ ಅರ್ಧಭಾಗವನ್ನು ಕಡ್ಡಾಯ ಠೇವಣಿಯಾಗಿ ಹಿಡಿದಿಡುವ ಶಾಸನ. ಒಂದು ಕೈಯಿಂದ ದೇಶವನ್ನು ನೋಡಿ ಬಾ ಎಂದ ಸರ್ಕಾರವು ಇನ್ನೊಂದು ಕೈಯಿಂದ ಜೇಬಿನೊಳಗಿನದನ್ನು ಹಿಡಿದುಕೊಂಡಿದ್ದಿತು. ಅದೇ ವರ್ಷ ರೈಲಿನಲ್ಲಿ ಮೂರನೆಯ ದರ್ಜೆಯೆಂಬುದು ರದ್ದಾಗಿ ನಾವೆಲ್ಲರೂ ಎರಡನೆಯ ದರ್ಜೆಯ ಪ್ರಯಾಣಿಕರೆನ್ನಿಸಿಕೊಂಡೆವು, ಹಲಗೆ ಮಾತ್ರ ಅದೇ ಹಲಗೆ. ಅದರ ಮೇಲೆ ಎರಡಂಗುಲದ ಮೆತ್ತೆ ಬಂದುದು ಮಧು ದಂಡವತೆಯವರು ರೈಲು ಮಂತ್ರಿಗಳಾದ ಮೇಲೆ.

ಆಗ ನನ್ನ ಮೇಜಿನ ಮೇಲೆ ನ್ಯೂಮನ್ನರ ಇಂಡಿಯನ್ ಬ್ರಾಡ್‌ಷಾ ಇರುತ್ತಿದ್ದಿತು. ಕಲ್ಕತ್ತೆಯಲ್ಲಿ ಅಚ್ಚಾಗುತ್ತಿದ್ದ ಆ ರೈಲುಪಟ್ಟಿಯನ್ನು ಬಿಡಿಸಿ, ಬಿಲ್ಲಿನಲ್ಲಿ ಕಾಣಿಸಿದ ನಿಲ್ದಾಣದಿಂದ ನಿಲ್ದಾಣಕ್ಕೆ ಬೆರಳಿಟ್ಟು ಕಿಲೋಮೀಟರುಗಳನ್ನು ಕೂಡಿಸಿ, ಅತ್ಯಂತ ಸಮೀಪದ ಮಾರ್ಗದ ಬಾಡಿಗೆಯಷ್ಟನ್ನು ಮಂಜೂರು ಮಾಡಿ, ಮಿಕ್ಕುದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುವುದು ಕೆಲಸ. ಒಬ್ಬರು ತಿರುಪತಿ, ಮಧುರೆ, ರಾಮೇಶ್ವರಗಳನ್ನು ಸುತ್ತಿ ಕನ್ಯಾಕುಮಾರಿ ಮುಟ್ಟಿದ್ದರೆ, ಅವರ ಭಕ್ತಿಯ ಅಡ್ಡದಾರಿಗಳನ್ನೆಲ್ಲ ನಾನು ಕತ್ತರಿಸಿ ನೇರ ಮಾಡುತ್ತಿದ್ದೆ. ಅಚ್ಚಿನ ಆ ಸಣ್ಣಕ್ಷರಗಳಲ್ಲಿ ಇಟಾರ್ಸಿ, ಮೊಗಲ್‌ಸರಾಯಿ, ಪಠಾನ್‌ಕೋಟ್‌ಗಳು ಎಷ್ಟು ಪರಿಚಿತವಾಗಿದ್ದುವೆಂದರೆ, ಮುಂದೊಂದು ದಿನ ಇಟಾರ್ಸಿಯ ಪ್ಲಾಟ್‌ಫಾರಮಿನ ಮೇಲೆ ಇಳಿದು ನೀರು ಹಿಡಿಯುತ್ತಿದ್ದಾಗ, ಬಹುಕಾಲ ಪತ್ರವ್ಯವಹಾರವಿದ್ದ ಮನುಷ್ಯನನ್ನು ಮೊದಲ ಸಲ ಎದುರುಗೊಂಡಂತಾಯಿತು. 1976ರಲ್ಲಿ ಕೇಂದ್ರದ ಲೆಕ್ಕಪತ್ರಗಳು ಆಯಾ ಇಲಾಖೆಗಳಿಗೇ ವರ್ಗವಾದಾಗ ನಾನೂ ಒಂದು ವೇತನ ಮತ್ತು ಲೆಕ್ಕಪತ್ರ ಕಛೇರಿಗೆ ಹೋದೆ. ಬ್ರಾಡ್‌ಷಾ ಅಲ್ಲಿಗೂ ಬಂದಿತು.

ಪ್ರವಾಸವೆಂದರೆ ಸರ್ಕಾರಕ್ಕೆ ಅಂದು ಪರದೇಶದವರು, ಅವರು ತರುವ ಡಾಲರು. 1966ರಲ್ಲಿ ಸ್ಥಾಪಿತವಾದ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ಕಟ್ಟಿ ನಡೆಸಿದ ಅಶೋಕ ಹೋಟೆಲುಗಳ ಮೆಟ್ಟಿಲನ್ನು 330-560ರ ಶ್ರೇಣಿಯವನು ಹತ್ತುವ ಪ್ರಶ್ನೆಯೇ ಇರಲಿಲ್ಲ. ನಮ್ಮ ಪ್ರವಾಸೋದ್ಯಮ ಬೇರೆಯದೇ: ಕಾಶಿಯಲ್ಲಿ ಜಂಗಮವಾಡಿ ಮಠ, ಇತರೆಡೆ ಛತ್ರ ಧರ್ಮಶಾಲೆಗಳು, ಎಲ್ಲಿಯೂ ಆಗದಿದ್ದರೆ ನಿಲ್ದಾಣದ ತಂಗುಕೋಣೆ. ರೈಲಿನ ಬಾಡಿಗೆಯನ್ನಷ್ಟೇ ಕೊಡುವ ಈ ಸೌಲಭ್ಯದಿಂದ ಸಂಸಾರಕ್ಕೆ ಲಾಭವೋ ಹಾನಿಯೋ ಎಂಬುದು ನಮ್ಮ ಮನೆಯಲ್ಲಿ ಪ್ರತಿ ಬ್ಲಾಕಿನಲ್ಲಿಯೂ ಏಳುತ್ತಿದ್ದ ವಾದ. “ರೈಲಿನ ಚಾರ್ಜು ಸರ್ಕಾರದ್ದು, ಖರೆ. ಹೊಟ್ಟಿ ಯಾರ್ದ್ರೀ?” ಎಂದು ನನ್ನ ಪತ್ನಿ ಕೇಳುತ್ತಿದ್ದಳು. ಕೇಳಿದ ಮೇಲೆ ಉಪಾಯವನ್ನೂ ಅವಳೇ ಮಾಡುತ್ತಿದ್ದಳು. ಬರ್ಕತ್‌ಪುರದ ಹೆಂಗಸರ ಚೀಟಿಯಲ್ಲಿ ಒಂದು ಹೆಸರು ಹೆಚ್ಚಿಗೆ ಹಚ್ಚಿ, ಅದನ್ನು ಕೊನೆಯವರೆಗೂ ಎತ್ತದೆ ಬಿಟ್ಟು, ನನ್ನ ಹಬ್ಬದ ಮುಂಗಡವನ್ನು ದಸರೆಯ ಬಟ್ಟೆಗೆ ಕೊಡದೆ ತಡೆಹಿಡಿದು, ಹಳೆಯ ಬೋರ್ನ್‌ವಿಟಾ ಡಬ್ಬಿಯಲ್ಲಿ ಪ್ರವಾಸದ ಬಾಬತ್ತು ಎಂದು ಚೀಟಿ ಅಂಟಿಸಿ ಇಡುತ್ತಿದ್ದಳು. ಆ ಡಬ್ಬಿಯಿಂದ ಮಗುವಿನ ಜ್ವರಕ್ಕೆ ತೆಗೆದರೂ ಕೈಸಾಲವೆಂದೇ ಬರೆದು, ಮುಂದಿನ ತಿಂಗಳ ಸಂಬಳದಲ್ಲಿ ನನ್ನಿಂದ ವಸೂಲು ಮಾಡುತ್ತಿದ್ದಳು. ನಮ್ಮ ಕಛೇರಿಯ ಮುಂಗಡಗಳ ಲೆಕ್ಕ ಅಷ್ಟು ಶಿಸ್ತಿನದಾಗಿದ್ದಿತೆಂದು ನಾನು ಪ್ರಮಾಣ ಮಾಡಲಾರೆ.

ಹೊರಡುವ ವಾರವಿಡೀ ಮನೆಯಲ್ಲಿ ಬುತ್ತಿಯ ವಾಸನೆ. ಸಜ್ಜೆಯ ಕಡಕ್ ರೊಟ್ಟಿಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಶೇಂಗಾ ಹಿಂಡಿ, ಅಗಸೆ ಹಿಂಡಿ, ಹುರಿದ ಅವಲಕ್ಕಿಗಳನ್ನು ಡಬ್ಬಿಗಳಲ್ಲಿ ಒತ್ತಿ ತುಂಬಿ, ನಡುವಿನ ದೊಡ್ಡ ಟ್ರಂಕಿನಲ್ಲಿ ಸೀಮೆಎಣ್ಣೆಯ ಸ್ಟೋವೊಂದನ್ನು, ತರಬಾರದೆಂದು ತಿಳಿದೂ, ಚಾದರದಡಿಯಲ್ಲಿ ಮಲಗಿಸಲಾಗುತ್ತಿದ್ದಿತು. ಮೀಸಲಾತಿಗೆ ಸಿಕಂದರಾಬಾದಿನ ಕಿಟಕಿಯೆದುರು ಬೆಳಗಿನ ಜಾವದಲ್ಲಿಯೇ ಸಾಲುಗಟ್ಟಬೇಕು. ಗುಮಾಸ್ತನು ದಪ್ಪ ಪುಸ್ತಕದಲ್ಲಿ ಹೆಸರುಗಳನ್ನು ಕೈಯಿಂದ ಬರೆದುಕೊಂಡು, ಮುಂದಿನ ಗಾಡಿಗಳ ಬರ್ತಿಗಾಗಿ ನಡುವಿನ ನಿಲ್ದಾಣಗಳಿಗೆ ತಂತಿ ಕೊಡುತ್ತಿದ್ದನು. ಉತ್ತರ ಬಂದರೆ ಪುಣ್ಯ, ಬಾರದಿದ್ದರೆ ಟ್ರಂಕಿನ ಮೇಲೆಯೇ ರಾತ್ರಿ.

ಆದರೆ ಇದರಲ್ಲಿ ನನ್ನನ್ನು ಇಂದಿಗೂ ಕಾಡುವ ಒಂದು ವೈಪರೀತ್ಯವಿದೆ. ದೂರಕ್ಕೆ ಹಣ ಕೊಡುವ ನಿಯಮವು ದೂರವನ್ನೇ ಪುರುಷಾರ್ಥವನ್ನಾಗಿ ಮಾಡಿತು. ನಾಲ್ಕು ವರ್ಷಕ್ಕೊಮ್ಮೆ ಬರುವ ಅವಕಾಶವನ್ನು ಹತ್ತಿರದ ಊರಿನ ಮೇಲೆ ವ್ಯಯಮಾಡುವವನು ಮೂರ್ಖನೆಂಬ ಭಾವನೆ ಕಛೇರಿಯಲ್ಲಿ ಬೇರೂರಿ, ಒಂದೋ ಶ್ರೀನಗರ, ಇಲ್ಲವೇ ಕನ್ಯಾಕುಮಾರಿ ಎಂದಾಯಿತು. 1970ರಲ್ಲಿ ವಿವೇಕಾನಂದರ ಶಿಲಾಸ್ಮಾರಕ ಎದ್ದ ಮೇಲಂತೂ ದಕ್ಷಿಣದ ತುದಿಗೆ ಹೋಗದ ಗುಮಾಸ್ತನೇ ಇಲ್ಲವಾದನು. ಹೈದರಾಬಾದಿನಿಂದ ನೂರೈವತ್ತು ಕಿಲೋಮೀಟರಿನೊಳಗಿರುವ ಬೀದರದಲ್ಲಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ ತನ್ನ ಅಳಿದುಳಿದ ನೀಲಿ ಹೆಂಚುಗಳೊಡನೆ ನಿಂತಿದೆ; ಅದನ್ನು ನೋಡಿದ್ದೇನೆಂದು ಹೇಳಿದವರನ್ನು ನನ್ನ ವಿಭಾಗದಲ್ಲಿ ನಾನು ಕಾಣಲಿಲ್ಲ. ಅದಿರಲಿ, ಕನ್ನಡಿಗರಾದ ನಾವೇನು ಮಾಡಿದೆವು? ಊರಿಗೆ ಹೋಗುವ ಗಾಡಿ ತಾಂಡೂರು, ಸೇಡಂ ದಾಟಿ ಮಳಖೇಡ ರೋಡಿನ ನಿಲ್ದಾಣದ ಮೂಲಕವೇ ಹಾಯುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ ಅಲ್ಲಿ ಕಾಗಿಣಾ ನದಿಯ ದಂಡೆಯ ಮೇಲೆ ಕುಸಿದ ಕೋಟೆಯಾಗಿ ಬಿದ್ದಿದೆ. ಆ ಅರಸನ ಹೆಸರಿನ ಶಾಲೆಗೆ ಮಕ್ಕಳನ್ನು ಕಳಿಸಿ, ರಾಜ್ಯೋತ್ಸವದಲ್ಲಿ ಅವನ ಗುಣಗಾನ ಮಾಡಿ, ಹೋಗುವಾಗಲೂ ಬರುವಾಗಲೂ ಕಿಟಕಿಯಿಂದ ಆ ನಿಲ್ದಾಣದ ಹಲಗೆಯನ್ನು ಓದಿ, ಮತ್ತೆ ಶೇಂಗಾ ಸುಲಿಯತೊಡಗುವ ಜನ ನಾವು. ಬಿಲ್ಲಿಗೆ ಬಾರದ ಸ್ಥಳವು ಕಣ್ಣಿಗೂ ಬಾರದೆ ಹೋಯಿತು.

ಎಂಬತ್ತರ ದಶಕದಲ್ಲಿ ನಾನೂರು ಕಿಲೋಮೀಟರಿನ ನಿಯಮ ಹೋಗಿ, ಖಾಸಗಿ ಬಸ್ಸುಗಳ ಪ್ರವಾಸಗಳು ಬಂದುವು. ಅವುಗಳೊಡನೆ, ಹೋಗದೆಯೇ ಹೋಗಿಬಂದವರೂ ಬಂದರು. ರಸೀದಿಯೊಂದಿದ್ದರೆ ಬಾಡಿಗೆ ಕೈಸೇರುವಾಗ ಬಿಸಿಲಿನಲ್ಲಿ ಅಲೆಯುವುದೇಕೆಂಬ ತರ್ಕ. ಒಂದೇ ನೋಂದಣಿ ಸಂಖ್ಯೆಯ ಬಸ್ಸು ಒಂದೇ ದಿನ ಹರಿದ್ವಾರದಲ್ಲಿಯೂ ಕನ್ಯಾಕುಮಾರಿಯಲ್ಲಿಯೂ ನಿಂತಿದ್ದ ಬಿಲ್ಲುಗಳನ್ನು ನಾನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ. ಸಾರಿಗೆ ಕಛೇರಿಗೆ ಬರೆದು ವಿಚಾರಿಸಿದಾಗ ಆ ಸಂಖ್ಯೆ ಒಂದು ಲಾರಿಯದಾಗಿದ್ದಿತು. ಆ ಹಣದಿಂದ ಒಬ್ಬನು ಫ್ರಿಜ್ಜು ಕೊಂಡನು, ಇನ್ನೊಬ್ಬನು ತಂಗಿಯ ಮದುವೆಯ ಸಾಲ ತೀರಿಸಿದನು. ನಿಯಮದ ದೃಷ್ಟಿಯಿಂದ ಇಬ್ಬರೂ ಸಮಾನರು. ನನ್ನ ಕೆಂಪು ಶಾಯಿಗೂ ಸಮಾನರೇ. ಮನಸ್ಸಿಗೆ ಮಾತ್ರ ಹಾಗಿರಲಿಲ್ಲ. ಮುಂದೆ ಖಾಸಗಿ ಬಸ್ಸಿನ ರಸೀದಿಗೆ ಮನ್ನಣೆ ತಪ್ಪಿತು. ಐದನೆಯ ವೇತನ ಆಯೋಗದ ಅನಂತರ, ಪ್ರವಾಸಕ್ಕೆ ಹೊರಟವನು ಹತ್ತು ದಿನದ ಗಳಿಕೆ ರಜೆಯನ್ನು ನಗದಾಗಿಸಿಕೊಳ್ಳಬಹುದೆಂದು ಬಂದಾಗ ಬೋರ್ನ್‌ವಿಟಾ ಡಬ್ಬಿಗೆ ನಿವೃತ್ತಿಯಾಯಿತು. ನನ್ನ ನಿವೃತ್ತಿ ಮಾತ್ರ 1998ರ ಆದೇಶದಿಂದ ಎರಡು ವರ್ಷ ಮುಂದೆ ಹೋಗಿ, 2002ರಲ್ಲಿ ಆಯಿತು.

ಈಗ ಸರ್ಕಾರವು ದೇಶವನ್ನು ನೋಡಿರೆಂದು ಘೋಷಣೆಯಿಂದಲೇ ಕರೆಯುತ್ತದೆ. 2019ರ ಸ್ವಾತಂತ್ರ್ಯ ದಿನದಂದು ಪ್ರಧಾನಮಂತ್ರಿಗಳು, 2022ರೊಳಗೆ ದೇಶದ ಹದಿನೈದು ತಾಣಗಳನ್ನಾದರೂ ನೋಡಿರೆಂದು ಕೆಂಪುಕೋಟೆಯಿಂದ ಕೇಳಿಕೊಂಡರು. ಮರುವರ್ಷವೇ ಮಹಾಮಾರಿ. 2020ರ ಅಕ್ಟೋಬರ್ 12ರಂದು ಹಣಕಾಸು ಮಂತ್ರಿಗಳು ಪ್ರಕಟಿಸಿದ ಯೋಜನೆಯಂತೆ, ಕೇಂದ್ರದ ನೌಕರನು ಎಲ್ಲಿಗೂ ಹೋಗದೆ, ಪ್ರಯಾಣದ ಬಾಡಿಗೆಯ ಮೂರರಷ್ಟು ಬೆಲೆಯ, ಶೇಕಡ 12ಕ್ಕೆ ಕಡಿಮೆಯಿಲ್ಲದ ಜಿಎಸ್‌ಟಿ ಇರುವ ವಸ್ತುಗಳನ್ನು ಕೊಂಡು, ಎಲ್‌ಟಿಸಿಯ ಹಣವನ್ನು ಪಡೆಯಬಹುದಾಯಿತು. ನಮ್ಮ ಅಳಿಯನು ಬಟ್ಟೆ ಒಗೆಯುವ ಯಂತ್ರವನ್ನು ತಂದು ಬಿಲ್ಲು ಸಲ್ಲಿಸಿದನು. ಹಿಂದೆ ಕದ್ದು ಕೊಂಡ ಫ್ರಿಜ್ಜಿಗೂ ಈಗ ರಾಜಾಜ್ಞೆಯಿಂದ ಕೊಂಡ ಯಂತ್ರಕ್ಕೂ ನಡುವಿನ ಭೇದವನ್ನು ವಿವರಿಸಲು ಹೋಗಿ ನಾನು ಮನೆಯಲ್ಲಿ ನಗೆಪಾಟಲಾದೆ.

ಪಿಂಚಣಿದಾರನಿಗೆ ಎಲ್‌ಟಿಸಿ ಇಲ್ಲ. ರೈಲಿನಲ್ಲಿ ಹಿರಿಯ ನಾಗರಿಕರಿಗಿದ್ದ ರಿಯಾಯಿತಿಯೂ 2020ರ ಮಾರ್ಚಿನಲ್ಲಿ ನಿಂತುಹೋಯಿತು. ಹೀಗೆ ನನ್ನ ಪಾಲಿನ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿರುವಾಗ ನನ್ನ ಪತ್ನಿಗೆ ಹೊಸ ಬಾಗಿಲೊಂದು ತೆರೆದಿದೆ. 2023ರ ಡಿಸೆಂಬರಿನಿಂದ ತೆಲಂಗಾಣದಲ್ಲಿ ಮಹಾಲಕ್ಷ್ಮಿ ಯೋಜನೆಯಂತೆ ಹೆಂಗಸರಿಗೆ ಆರ್‌ಟಿಸಿಯ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಮಂಡಿನೋವಿನ ಮಾತನ್ನೆಲ್ಲ ಬದಿಗಿಟ್ಟು, ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಅವಳು ಯಾದಗಿರಿಗುಟ್ಟ, ಬಾಸರ, ವೇಮುಲವಾಡಗಳನ್ನು ಸುತ್ತಿಬಂದಿದ್ದಾಳೆ. ಇವೆಲ್ಲ ಹತ್ತಿರದವೇ, ನಾವು ಐವತ್ತು ವರ್ಷ ಹತ್ತಿರವೆಂಬ ಕಾರಣಕ್ಕೇ ಬಿಟ್ಟವು. ಕರ್ನಾಟಕದ ಶಕ್ತಿ ಯೋಜನೆ ಆ ರಾಜ್ಯದ ನಿವಾಸಿಗಳಿಗೆ ಮಾತ್ರವಾದುದರಿಂದ, ಜಹೀರಾಬಾದು ದಾಟಿದರೆ ಅವಳೂ ಹಣ ತೆರಬೇಕು. ಆದರೂ ಬೀದರಕ್ಕೆ ಹೋಗುವುದೆಂದು ಗೊತ್ತಾಗಿದೆ, ಅಲ್ಲಿಂದ ಮಳಖೇಡಕ್ಕೂ. ನಾನೂ ಬರಲೇ ಎಂದು ಕೇಳಿದೆ.

“ಬರ್ರಿ, ಬ್ಯಾಡ ಅಂದವರ್ಯಾರು?” ಎಂದಳು. “ಜಹೀರಾಬಾದ ತನಕ ನಂದು ಜೀರೋ ಟಿಕೀಟು, ನಿಮ್ದು ಪೂರಾ ಟಿಕೀಟು. ಪೆನ್ಶನ್ ಬಂದದೇನು ಮೊದಲ ನೋಡ್ರಿ.”