ವಯಸ್ಸಾಗದ ಪೆನ್ಷನ್ನು

ನಮ್ಮ ಪಕ್ಕದ ಮನೆಯ ರಾಯರಿಗೆ ಈಗ ತೊಂಬತ್ತು. ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ದುಡಿದು, 2000ದಲ್ಲಿ ಮೈಸೂರಿಗೆ ಮರಳಿದವರು. ಆಗಾಗ ಬ್ಯಾಂಕಿನ ಪುಸ್ತಕ ಬಿಡಿಸಿ, “ನೋಡಿ ಸ್ವಾಮಿ, ನನಗೆ ವಯಸ್ಸಾಯಿತು, ನನ್ನ ಪೆನ್ಷನ್ನಿಗೆ ಆಗಲಿಲ್ಲ” ಎಂದು ನಗುತ್ತಾರೆ.

ಸಂಗತಿ ಇಷ್ಟೆ. ಅಲ್ಲಿಯ ಪೂರ್ಣ ಮೂಲ ಪೆನ್ಷನ್ನು 2000ದಲ್ಲಿ ವಾರಕ್ಕೆ 67.50 ಪೌಂಡು, 2024ರಲ್ಲಿ 169.50. ಈ ಏರಿಕೆ ಅಲ್ಲಿಯೇ ನಿಂತವರಿಗುಂಟು. ಅಮೆರಿಕಕ್ಕೆ, ಜಮೈಕಕ್ಕೆ ಹೋದವರಿಗೂ ಉಂಟು. ಭಾರತ, ಕೆನಡ, ಆಸ್ಟ್ರೇಲಿಯಗಳಲ್ಲಿ ನೆಲೆಸಿದವರಿಗಿಲ್ಲ; ಏರಿಕೆಗೆ ಬೇಕಾದ ಒಪ್ಪಂದ ಈ ದೇಶಗಳೊಡನೆ ಇಲ್ಲ. ಏರಿಕೆಯು ಬ್ರಿಟನ್ನಿನ ಬೆಲೆಗಳಿಗಾಗಿ ಎಂಬುದು ಅಲ್ಲಿಯ ಸರ್ಕಾರದ ವಾದ. 2010ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ 11ಕ್ಕೆ 6 ಮತಗಳಿಂದ ಇದು ತಾರತಮ್ಯವಲ್ಲವೆಂದಿತು.

ಹಾಗಾದರೆ ಅಮೆರಿಕದಲ್ಲಿ ನಡೆಯುವುದು ಬ್ರಿಟನ್ನಿನ ಬೆಲೆಯೇ? ಸಂಬಳದಿಂದ ಚಂದಾ ಮುರಿದುಕೊಳ್ಳುವಾಗ ‘ಮುಂದೆ ಯಾವ ಊರು?’ ಎಂದು ಕೇಳದವರು ಕೊಡುವಾಗ ಮಾತ್ರ ಕೇಳುವುದು ನ್ಯಾಯವೇ?

“ಅಲ್ಲಿಗೆ ಹೋದರೆ, ಇದ್ದಷ್ಟು ದಿನ ಹೊಸ ದರ ಕೊಡುತ್ತಾರಂತೆ” ಎಂದರು ರಾಯರು ಮೊನ್ನೆ.

“ಹೋಗಿಬನ್ನಿ” ಎಂದೆ.

ಅವರು ಮಾತ್ರೆಯ ಡಬ್ಬಿ ತೋರಿಸಿದರು. “ಮೊದಲು ಆ ಹಣದಲ್ಲಿ ಮನೆಯೇ ನಡೆಯುತ್ತಿತ್ತು. ಈಗ ಇದಕ್ಕೂ, ನನ್ನನ್ನು ನೋಡಿಕೊಳ್ಳುವ ಹುಡುಗನ ಸಂಬಳಕ್ಕೂ ಸರಿಹೋಗುತ್ತದೆ.”

ಆ ದಿನ ಅವರು ನಗಲಿಲ್ಲ.